ಪಾಸಾದ ಹೊಗೆ

ನಿನ್ನೆ ಸಿಂಧನೂರಿನಲ್ಲಿ ಚಹಾದ ಲೋಟ ಬಾಯಿಗಿಟ್ಟಿದ್ದೆನಷ್ಟೇ, ಒಂದು ಆಟೋ ಬಂದು ಮುಖದ ಮೇಲೆ ಕರಿಹೊಗೆ ಉಗುಳಿ ನಿಂತಿತು. ಗಾಜಿನ ಮೇಲೆ ಹೊಗೆ ತಪಾಸಣೆಯ ಚೀಟಿ ಬೇರೆ! ಎಂಥ ನಾಚಿಕೆಗೇಡು ನೋಡಿ. ಆ ವಾಸನೆಗೆ ನಮ್ಮೂರಿನ ಈರಣ್ಣನ ಟೆಂಪೊ ನೆನಪಾಯಿತು.

ತೊಂಬತ್ತರ ದಶಕದಲ್ಲಿ ಅವನು ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ಜನರನ್ನು ಹೇರಿಕೊಂಡು ಓಡಾಡುತ್ತಿದ್ದ. ಹೆಂಡತಿ ನೀಲಮ್ಮ ಹಿಂದಿನ ಬಾಗಿಲಲ್ಲಿ ಕೂತು ಜನರನ್ನು ಹತ್ತಿಸಿ ಇಳಿಸುವಳು. ಹೊಗೆಯೆಲ್ಲ ಅವಳ ಪಾಲು. ಅವಳು ಕೆಮ್ಮಿ ಕೆಮ್ಮಿ ಕಣ್ಣೀರು ಒರೆಸಿಕೊಂಡರೆ, ಮುಂದೆ ಗಾಳಿಗೆ ಎದೆಯೊಡ್ಡಿ ಕೂತ ಈ ಮಹಾರಾಜ, "ಹೊಗಿ ಬಿಡಲಿಲ್ಲಂದ್ರ ಗಾಡಿಗೆ ತಾಕತ್ತಿಲ್ಲಂತ ತಿಳಿಬೇ" ಎನ್ನುತ್ತಿದ್ದ.

ಆಗ ಬಂತು ಹೊಗೆ ತಪಾಸಣೆಯ ಕಾನೂನು. ಬುದ್ಧಿಯಿದ್ದವರು ಗಾಡಿಯ ಡೀಸೆಲ್ ಪಂಪು ರಿಪೇರಿ ಮಾಡಿಸಿದರು. ನಮ್ಮ ಈರಣ್ಣ ಎಕ್ಸಲೇಟರಿನ ಕೆಳಗೆ ಕಟ್ಟಿಗೆಯ ತುಂಡು ಸಿಗಿಸಿದ. ಎಷ್ಟು ತುಳಿದರೂ ಅದು ಅರ್ಧಕ್ಕೇ ನಿಂತಿತು, ಹೊಗೆಯೂ ತೆಳ್ಳಗೆ ಬಂತು. ತಪಾಸಣೆ ಮಾಡುವ ಪುಣ್ಯಾತ್ಮ ಬಗ್ಗಿ ನೋಡುವುದಿರಲಿ, ಕುರ್ಚಿ ಬಿಟ್ಟೇ ಏಳಲಿಲ್ಲ. ಹೊರಗೆ ಬಂದವನೇ ಈರಣ್ಣ ಕಟ್ಟಿಗೆ ಕಿತ್ತೆಸೆದು ಚೀಟಿ ಝಳಪಿಸಿದ.

"ಗಾಡಿ ಪಾಸಾತು ನೋಡಬೇ!"

"ಚೀಟಿ ಪಾಸಾಗ್ಯಾದ್ರಿ. ನನ್ನ ಎದಿ ಯಾರು ನೋಡ್ಯಾರ?" ಎಂದಳು ನೀಲಮ್ಮ. "ಇವತ್ತ ನೀವು ಹಿಂದ ಕುಂದ್ರಿ. ಇಲ್ಲಂದ್ರ ನಾ ಹತ್ತಂಗಿಲ್ಲ."

ಟೆಂಪೊದೊಳಗಿದ್ದ ಹೆಂಗಸರೆಲ್ಲ ನಕ್ಕರು. ಅಷ್ಟು ಜನರೆದುರು ಒಲ್ಲೆ ಎನ್ನಲು ಅವನ ಮೀಸೆ ಬಿಡಲಿಲ್ಲ. ಓಡಿಸುವವರು ಯಾರು? ಮಸ್ಕಿಗೆಂದು ಹತ್ತಿ ಕೂತಿದ್ದ ನನ್ನತ್ತ ಎಲ್ಲರೂ ತಿರುಗಿದರು. ಜವಳಗೇರಾದ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಹೊಡೆದು ಕಂಡವರ ಬದುವೆಲ್ಲ ಕೆಡವಿದ ಖ್ಯಾತಿ ನನ್ನದು. ದೇವರ ಮೇಲೆ ಭಾರ ಹಾಕಿ ಕೂತೆ. ಪಕ್ಕದಲ್ಲಿ ನೀಲಮ್ಮ.

"ಅಣ್ಣಾರ, ಇನ್ನಷ್ಟು ತುಳೀರಿ" ಎಂದಳು. ತುಳಿದೆ, ಮನಸಾರೆ ತುಳಿದೆ!

ಮಸ್ಕಿಯಲ್ಲಿ ಇಳಿದ ಈರಣ್ಣನ ಮುಖ ಬಾಣಲಿಯ ತಳವಾಗಿತ್ತು. ರಸ್ತೆ ಪಕ್ಕ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡಿಕೊಂಡ. ಎದ್ದವನು ಯಾರ ಮುಖವನ್ನೂ ನೋಡದೆ ಗಾಡಿಯನ್ನು ನೆಟ್ಟಗೆ ಗ್ಯಾರೇಜಿಗೆ ಒಯ್ದ. "ಲೇ, ಪಂಪ್ ಬಿಚ್ಚು" ಎಂದನಂತೆ, ಅಷ್ಟೇ.

ಹೊಗೆ ನಿಂತಿತು. ನೀಲಮ್ಮನ ಕೆಮ್ಮು ನಿಲ್ಲಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಅವಳು ಕೊಡ ನೀರು ತರಲು ದಾರಿಯಲ್ಲಿ ಎರಡು ಕಡೆ ಕೂರಬೇಕಾಗುತ್ತಿತ್ತು. ಆ ಟೆಂಪೊ ಮಾತ್ರ ಪ್ರತಿ ತಪಾಸಣೆಯಲ್ಲೂ ಪಾಸು. ಥೂ, ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಚಹಾ ಅಲ್ಲೇ ಬಿಟ್ಟು ಆಟೋದವನ ಬಳಿ ಹೋದೆ. ಇಷ್ಟು ವರ್ಷ ಮೂಗು ಮುಚ್ಚಿಕೊಂಡು ಬೈದದ್ದೇ ಬಂತು.

"ಚೀಟಿ ಅದ ಅಲ್ರಿ, ಯಜಮಾನ್ರ" ಎಂದ.

"ಕಂಡೀನಿ. ನೀ ಇಳಿದು ಹಿಂದ ನಿಲ್ಲು."

ಮುದುಕನಿಗೆ ಏನೋ ಆಗಿದೆ ಎಂದುಕೊಂಡನೇನೋ, ಹಲ್ಲು ಕಿಸಿಯುತ್ತ ಹೋಗಿ ನಿಂತ. ಇಂಜಿನ್ ಇನ್ನೂ ಗುಡುಗುತ್ತಿತ್ತು; ನಾನು ಅವನ ಸೀಟಿನಲ್ಲಿ ಕೂತು ಎಕ್ಸಲೇಟರ್ ಪೂರ್ತಿ ತಿರುವಿದೆ.