ಬಿಳಿ ಬಟ್ಟೆಯ ಉಸ್ತಾ ಬೆಮಾನ್

ಮರಳುಗಾಡಿನ ಅಂಚಿನ ಅರ್ದಕಾನ್ ಪೇಟೆಯಲ್ಲಿ, ಹಳೆ ಬಸ್ ನಿಲ್ದಾಣದ ಹಿಂದೆ ಮೋಟಾರ್‌ಸೈಕಲ್ ರಿಪೇರಿಯವರದೇ ಒಂದು ಬೀದಿ. ಯಾವ ಅಂಗಡಿಗೆ ಕಾಲಿಟ್ಟರೂ ಗ್ರೀಸು, ಮಸಿ, ಸುಟ್ಟ ಎಣ್ಣೆಯ ವಾಸನೆ. ಒಂದು ಅಂಗಡಿಯಲ್ಲಿ ಮಾತ್ರ ಅರವತ್ತು ದಾಟಿದ ಬೆಮಾನ್, ಬೀದಿಯವರ ಬಾಯಲ್ಲಿ ಉಸ್ತಾ, ಎಂದರೆ ಮೇಸ್ತ್ರಿ, ಅಚ್ಚ ಬಿಳಿ ಅಂಗಿ, ಅಚ್ಚ ಬಿಳಿ ಷರಾಯಿ ತೊಟ್ಟು, ಗಿಡ್ಡ ಮಣೆಯ ಮೇಲೆ ಕೂತು ಟೀ ಕುಡಿಯುತ್ತಿರುತ್ತಿದ್ದರು.

ಬೀದಿಗೆಲ್ಲ ಇದೊಂದು ತಮಾಷೆ. "ಮದುಮಗ ಬಂದ ನೋಡ್ರೋ" ಎಂದು ಎದುರಂಗಡಿಯ ಅಸ್ಗರ್ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಕೂಗುವನು. "ಬಂದೆ ಮಾವ, ಊಟಕ್ಕೇನು ಮಾಡ್ಸಿದೀಯ?" ಎಂದು ಉಸ್ತಾ ತಲೆ ಎತ್ತದೆ ಕೇಳುವರು. ಮೂವತ್ತು ವರ್ಷದಿಂದ ಇದೇ ಮಾತು, ಇದೇ ನಗು.

ಬಿಳಿ ಬಟ್ಟೆ ಅಪ್ಪನಿಂದ ಬಂದದ್ದು. ಅವರಪ್ಪ ನೆಲದಡಿ ಮೈಲುಗಟ್ಟಲೆ ಕನಾತ್ ಎಂಬ ಸುರಂಗ ಕೊರೆದು ಊರಿಗೆ ನೀರು ತರುವ ಕಸುಬಿನವನು. ಆ ಕಸುಬಿನವರು ಬಾವಿಗಿಳಿಯುವುದು ಬಿಳಿ ತೊಟ್ಟೇ. ಮೇಲಿನ ಮಣ್ಣು ಕುಸಿದರೆ ಹೆಣಕ್ಕೆ ಬೇರೆ ಬಟ್ಟೆ ಹುಡುಕಬೇಕಿಲ್ಲವಲ್ಲ. ಮಗ ಬಾವಿಗಿಳಿಯಲಿಲ್ಲ, ಮೋಟಾರ್‌ಸೈಕಲ್ ಹಿಡಿದ. ಆದರೆ ಬಟ್ಟೆ ಬಿಡಲಿಲ್ಲ. ಕೇಳಿದವರಿಗೆ ಒಂದೇ ಉತ್ತರ: "ಸಂಜೆಗೆ ಬಟ್ಟೆ ಕೊಳೆ ಆಗಿದ್ರೆ, ಬಿಚ್ಚಬಾರದ್ದನ್ನ ಬಿಚ್ಚಿದೀನಿ ಅಂತ ಅರ್ಥ."

ಇದನ್ನೆಲ್ಲ ನೆಮತ್ ಬರೀ ಒಣ ಜಂಬ ಅಂದುಕೊಂಡಿದ್ದ. ಅದಕ್ಕೇ ನಾಲ್ಕು ತಿಂಗಳು ಬೀದಿಯ ಮಿಕ್ಕ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಬೇರೆ ದಾರಿ ಕಾಣದೆ ಇಲ್ಲಿಗೆ ಬಂದ.

ನೆಮತ್ ಸರಕಾರಿ ಆರೋಗ್ಯ ಕಾರ್ಯಕರ್ತ. ಪ್ರತಿ ತಿಂಗಳ ಮೊದಲ ಮಂಗಳವಾರ ಮಕ್ಕಳ ಲಸಿಕೆಯನ್ನು ಐಸಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಇಪ್ಪತ್ತೆಂಟು ಕಿಲೋಮೀಟರ್ ಮರಳುಗಾಡು ದಾಟಿ ಬಿದ್‌ಚಶ್ಮೆ ಎಂಬ ಹಳ್ಳಿಗೆ ಹೋಗಬೇಕು. ಗಾಡಿ ಅವನಪ್ಪನ ಕಾಲದ್ದು. ಚಳಿಗಾಲದಿಂದೀಚೆಗೆ ಅದಕ್ಕೆ ಒಂದು ರೋಗ ಹತ್ತಿತ್ತು: ಊರೊಳಗೆ ಎಷ್ಟು ಓಡಿಸಿದರೂ ತಕರಾರಿಲ್ಲ, ಮರಳುಗಾಡಿನ ನಡುವೆ ಹೋಗಿ ನಿಲ್ಲುತ್ತಿತ್ತು. ಅಸ್ಗರ್ ಕಾಯಿಲ್ ಬದಲಿಸಿದ. ಕೆಟ್ಟ ಕಾಯಿಲ್ ಬಿಸಿಯಾದರೆ ಕಿಡಿ ಕೊಡುವುದಿಲ್ಲ, ತಣ್ಣಗಾದರೆ ಕೊಡುತ್ತದೆ ಎಂಬ ಅವನ ಮಾತು ಸುಳ್ಳೇನಲ್ಲ. ಇನ್ನೊಬ್ಬ ಕಾರ್ಬೊರೇಟರ್ ಬಿಚ್ಚಿ ತೊಳೆದ. ಮತ್ತೊಬ್ಬ ಪಾಯಿಂಟು, ವೈರು, ಪ್ಲಗ್ಗು ಎಲ್ಲವನ್ನೂ ಹೊಸದು ಹಾಕಿದ. ಗಾಡಿ ನಿಲ್ಲುವುದನ್ನು ನಿಲ್ಲಿಸಲಿಲ್ಲ.

ಹೋದ ತಿಂಗಳಂತೂ ಸುಡು ಬಿಸಿಲಲ್ಲಿ ನಿಂತದ್ದು, ಎಷ್ಟು ಒದ್ದರೂ ಹತ್ತಲೇ ಇಲ್ಲ. ಅವನು ತಳ್ಳುತ್ತ ಹಿಂದಿರುಗುವಷ್ಟರಲ್ಲಿ ಐಸು ನೀರಾಗಿ, ಲಸಿಕೆಯನ್ನೆಲ್ಲ ಚೆಲ್ಲಬೇಕಾಯಿತು. ಬಿದ್‌ಚಶ್ಮೆಯಲ್ಲಿ ಏಳು ತಾಯಂದಿರು ಮಕ್ಕಳನ್ನೆತ್ತಿಕೊಂಡು ಸಂಜೆಯವರೆಗೆ ಕಾದು ಮನೆಗೆ ಹೋದರಂತೆ. ಮೇಲಿನವರು ಕಡ್ಡಿ ಮುರಿದ ಹಾಗೆ ಹೇಳಿದ್ದರು: ಇನ್ನೊಂದು ಪೆಟ್ಟಿಗೆ ಕೆಟ್ಟರೆ ಆ ಹಳ್ಳಿಯ ಸುತ್ತು ರದ್ದು, ಬೇಕಾದವರು ಪೇಟೆಗೇ ಬರಲಿ. ಯಾರು ಬರುತ್ತಾರೆ? ವಾರಕ್ಕೊಂದೇ ಲಾರಿ ಹೋಗುವ ಊರಿನಿಂದ ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಯಾವ ಬಾಣಂತಿ ಬಂದಾಳು? ನೆಮತ್‌ಗೆ ಅವತ್ತಿನಿಂದ ನಿದ್ದೆ ಇಲ್ಲ.

ಹಾಗಾಗಿ ಈ ಮಂಗಳವಾರ ಬೆಳಿಗ್ಗೆ, ಪೆಟ್ಟಿಗೆ ಕಟ್ಟಿಕೊಂಡು ಹೊರಟವನು, ಪೇಟೆ ದಾಟುವ ಮುಂಚೆ ಉಸ್ತಾರ ಬಾಗಿಲಲ್ಲಿ ಗಾಡಿ ನಿಲ್ಲಿಸಿದ.

"ಕೂತ್ಕೊ, ಟೀ ತಗೋ" ಅಂದರು ಉಸ್ತಾ.

"ಕೂರೋಕೆ ಹೊತ್ತಿಲ್ಲ ಉಸ್ತಾ. ಪೆಟ್ಟಿಗೇಲಿ ಐಸಿದೆ."

"ಐಸು ಮಧ್ಯಾಹ್ನದವರೆಗೂ ತಡಿಯತ್ತೆ. ನೀನು ಹೀಗೇ ಹೊರಟ್ರೆ ತಡಿಯಲ್ಲ. ಕೂತ್ಕೊ ಡಾಕ್ಟ್ರೇ."

"ನಾನು ಡಾಕ್ಟ್ರಲ್ಲ."

"ನಾನೂ ಮದುಮಗ ಅಲ್ಲಪ್ಪ. ಜನ ಕರೀತಾರೆ, ಹೂಂ ಅನ್ಬೇಕು."

ನೆಮತ್ ಕೂತ. ಉಸ್ತಾ ಸ್ಪ್ಯಾನರ್ ಮುಟ್ಟಲಿಲ್ಲ. ಗಾಡಿಯ ಸುತ್ತ ಒಂದು ಸಲ ನಡೆದು ಬಂದು, ಮತ್ತೆ ಮಣೆಯ ಮೇಲೆ ಕೂತು, ಟೀ ಹೀರಲು ಸಕ್ಕರೆ ಗಟ್ಟಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡರು.

"ನಿಲ್ಲುವಾಗ ದೀಪ ಆರಿದ ಹಾಗೆ ಟಪ್ಪಂತ ನಿಲ್ಲತ್ತೋ, ಕೊಸರಾಡಿ ಕೊಸರಾಡಿ ನಿಲ್ಲತ್ತೋ?"

ನೆಮತ್ ಯೋಚಿಸಿದ. ಇಷ್ಟು ದಿನ ಯಾರೂ ಇದನ್ನು ಕೇಳಿರಲಿಲ್ಲ. "ಕೊಸರಾಡತ್ತೆ. ಸುಸ್ತಾದವರ ಹಾಗೆ."

"ನಿಂತ ಮೇಲೆ ನೀನು ಮೊದಲು ಏನ್ಮಾಡ್ತೀಯ?"

"ಪೆಟ್ರೋಲಿದೆಯಾ ಅಂತ ಮುಚ್ಚಳ ತೆಗೆದು ನೋಡ್ತೀನಿ. ಇರತ್ತೆ. ಆಮೇಲೆ ಕಿಕ್ ಹೊಡೀತೀನಿ, ಹತ್ಕೊಳತ್ತೆ."

"ಹೋದ ತಿಂಗಳು ಹತ್ಲಿಲ್ವಂತಲ್ಲ. ಅವತ್ತೂ ನೋಡಿದ್ಯಾ?"

"ಇಲ್ಲ. ಅವತ್ತು ಬೆಳಿಗ್ಗೇನೇ ತುಂಬ್ಸಿದ್ದೆ, ನೋಡೋಕೇನಿದೆ? ಈಗಲೂ ಹೆದರಿ ಕತ್ತಿನ ತನಕ ತುಂಬ್ಸಿದೀನಿ."

ಉಸ್ತಾ ಲೋಟ ಕೆಳಗಿಟ್ಟರು. ಅವರ ಕಣ್ಣು ಟ್ಯಾಂಕಿನ ಮೇಲಿತ್ತು. ಅದಕ್ಕೆ ದಪ್ಪ ನೆಯ್ಗೆಯ ಹೊದಿಕೆ. ಮುಚ್ಚಳಕ್ಕೆ ಬೇರೆಯಾಗಿ ಒಂದು ತೊಗಲಿನ ಟೋಪಿ, ಬುಡದಲ್ಲಿ ಬಿಗಿಯಾಗಿ ಕಟ್ಟಿದ ದಾರ, ನೆತ್ತಿಯಲ್ಲಿ ದೃಷ್ಟಿಗೆಂದು ಒಂದು ನೀಲಿ ಮಣಿ.

"ಈ ಸಿಂಗಾರ ಯಾವಾಗ ಬಂತು?"

"ಚಳಿಗಾಲದಲ್ಲಿ. ಬಿದ್‌ಚಶ್ಮೆಯ ಅಜ್ಜಿ ಬೀಬೀ ತೂಬಾ ಹೊಲಿದುಕೊಟ್ರು. ಪೆಟ್ರೋಲಿಗೆ ಮರಳು ಬೀಳಬಾರದು ಅಂತ."

ಉಸ್ತಾ ಎದ್ದರು. ಪ್ಲಗ್ ಬಿಚ್ಚುವ ಒಂದೇ ಒಂದು ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡು, ಅಂಗಡಿಯ ಬಾಗಿಲೆಳೆದು, ಹಿಂದಿನ ಸೀಟಿನಲ್ಲಿ ಹತ್ತಿ ಕೂತರು. "ನಡಿ, ನಾನೂ ಬರ್ತೀನಿ." ಎದುರಿಂದ ಅಸ್ಗರ್ "ಎಲ್ಲಿಗೆ ಮದುವೆ ದಿಬ್ಬಣ?" ಅಂದ. "ನಿನ್ನ ಕಾಯಿಲ್ ನೋಡ್ಕೊಂಡು ಬರೋಕೆ" ಅಂದರು ಉಸ್ತಾ.

ಪೇಟೆ ದಾಟಿದ ಮೇಲೆ ನೆಮತ್ ತಡೆಯಲಾರದೆ ಕೇಳಿದ. "ಅಂಗಡಿ ಮುಚ್ಚಿ ಯಾಕೆ ಬಂದ್ರಿ? ಹೇಗೆ ಸರಿ ಮಾಡೋದು ಅಂತ ಹೇಳಿದ್ರೆ ಸಾಕಿತ್ತು."

"ನನ್ನ ಹೆಸರೇನು?"

"ಬೆಮಾನ್."

"ಅಂದ್ರೆ?"

ಅದು ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿದ್ದರೆ, ಕೊನೆಗೆ ಹುಟ್ಟಿದ್ದಕ್ಕೆ ಆ ಹೆಸರಿಡುತ್ತಾರೆ. ನಮ್ಮೊಂದಿಗೆ ಉಳಿದುಕೋ ಎಂದು.

"ನನಗಿಂತ ಮುಂಚೆ ನಾಲ್ಕು ಜನ" ಅಂದರು ಉಸ್ತಾ. "ಗಂಟಲಮಾರಿ. ಮಕ್ಕಳು ಗಾಳಿಗೆ ಬಾಯಿ ಬಾಯಿ ಬಿಡ್ತಿದ್ರಂತೆ, ಗಂಟಲು ತೆರೀತಿರಲಿಲ್ಲವಂತೆ. ಆಗ ಹೀಗೆ ಪೆಟ್ಟಿಗೆ ಹೊತ್ತು ಬರೋರು ಯಾರಿದ್ರು? ದಾರಿ ನೋಡು, ಹಳ್ಳ ಬಂತು."

ಪೆಟ್ಟಿಗೆಯಲ್ಲಿ ಇದ್ದದ್ದೇ ಆ ರೋಗದ ಲಸಿಕೆ. ನೆಮತ್ ಹಳ್ಳ ಬಳಸಿ ಗಾಡಿ ಓಡಿಸಿದ.

ಹನ್ನೆರಡನೆಯ ಕಿಲೋಮೀಟರ್ ಹತ್ತಿರ ಗಾಡಿ ಕೊಸರಾಡಲು ಶುರುವಾಯಿತು. ಎರಡು ಸಲ ಮುಗ್ಗರಿಸಿ ನಿಂತೇ ಹೋಯಿತು. ಸುತ್ತ ಒಂದು ಮರವಿಲ್ಲ, ಬೆನ್ನಿಗೆ ಬಿಸಿಲು, ಕ್ಯಾರಿಯರ್ ಮೇಲೆ ಪೆಟ್ಟಿಗೆ.

"ಒಳ್ಳೇದಾಯ್ತು" ಅಂದರು ಉಸ್ತಾ, ಇಳಿಯುತ್ತ. "ಏನೂ ಮುಟ್ಟಬೇಡ."

ಪ್ಲಗ್ ಬಿಚ್ಚಿ ಸ್ಪ್ಯಾನರಿನ ತುದಿಯಲ್ಲೇ ತೋರಿಸಿದರು. ಹುರಿದ ಕಲ್ಲಂಗಡಿ ಬೀಜದ ಹಾಗೆ ಒಣಗಿತ್ತು. ಅದನ್ನೇ ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು, ಕಿಕ್ ಹೊಡೆ ಅಂದರು. ಆ ಬೆಳಕಿನಲ್ಲೂ ಕಾಣುವಂತೆ ನೀಲಿ ಕಿಡಿ ಚಟ್ ಚಟ್ ಅಂತು.

"ಕಿಡಿ ಇದೆ. ಅಸ್ಗರನ ಕಾಯಿಲ್ ಬಿಸಿಯಾಗಿದೆ, ಆದ್ರೂ ಕೆಲ್ಸ ಮಾಡ್ತಿದೆ. ಕಿಡಿ ಇಲ್ದೆ ನಿಂತಿದ್ರೆ ಪ್ಲಗ್ಗು ಪೆಟ್ರೋಲಲ್ಲಿ ನೆಂದಿರ್ಬೇಕಿತ್ತು. ಇದು ಒಣಗಿದೆ. ಗಾಡಿ ಬಾಯಾರಿ ನಿಂತಿದೆ."

"ಟ್ಯಾಂಕ್ ತುಂಬಿದೆಯಲ್ಲ ಉಸ್ತಾ!"

"ತುಂಬಿದೆ. ಎದೆ ನೋಡೋ ಆ ನಿನ್ನ ಕೊಳವೆ ತಗೋ. ಕಿವಿಗೆ ಹಾಕ್ಕೊ. ಟ್ಯಾಂಕಿನ ಮೇಲಿಡು, ಹೊದಿಕೆ ಸರಿಸಿ."

ಬೇರೆ ಯಾರಾದರೂ ಹೇಳಿದ್ದರೆ ನೆಮತ್ ರೇಗುತ್ತಿದ್ದ. ಕೈ ತಾನಾಗಿ ಚೀಲಕ್ಕೆ ಹೋಯಿತು. ಸ್ಟೆತಸ್ಕೋಪಿನ ಬಿಲ್ಲೆಯನ್ನು ಬಿಸಿ ತಗಡಿನ ಮೇಲಿಟ್ಟ. ಏನೂ ಕೇಳಲಿಲ್ಲ. ಉಸ್ತಾ ತೊಗಲು ಟೋಪಿಯ ದಾರ ಬಿಚ್ಚಿ, ಅದನ್ನು ನಿಧಾನಕ್ಕೆ ಮೇಲೆತ್ತಿದರು.

ಕಿವಿಯೊಳಗೆ ಸುಯ್ ಎಂದು ಒಂದು ಉದ್ದನೆಯ ಉಸಿರು ಕೇಳಿತು. ಎಷ್ಟೋ ಹೊತ್ತು ನೀರಲ್ಲಿ ಮುಳುಗಿದ್ದವನು ತಲೆ ಎತ್ತಿ ಎಳೆದುಕೊಳ್ಳುವ ಉಸಿರು ಅದು. ಹದಿನಾಲ್ಕು ವರ್ಷದಲ್ಲಿ ನೆಮತ್ ಎಷ್ಟು ಎದೆಗಳಿಗೆ ಕಿವಿಗೊಟ್ಟಿದ್ದನೋ, ಒಂದು ತಗಡಿನ ಡಬ್ಬಿ ಹೀಗೆ ಉಸಿರಾಡುತ್ತದೆ ಎಂದು ಅವನಿಗೆ ಯಾರು ಹೇಳಿದ್ದರು? ಅವನ ತೋಳಿನ ರೋಮ ನಿಮಿರಿತು. ಬಿಲ್ಲೆಯನ್ನು ತೆಗೆಯಲು ಮನಸ್ಸೇ ಬರಲಿಲ್ಲ.

"ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿದೆ" ಅಂದರು ಉಸ್ತಾ. "ಪೆಟ್ರೋಲ್ ಇಳಿದಷ್ಟೂ ಅಲ್ಲಿಂದ ಗಾಳಿ ಒಳಗೆ ಹೋಗ್ಬೇಕು. ಈ ಟೋಪಿ ಆ ತೂತು ಮುಚ್ಚಿತ್ತು, ಗಾಳಿ ಹೋಗ್ದೆ ಪೆಟ್ರೋಲ್ ಕೆಳಗಿಳೀಲಿಲ್ಲ. ಟ್ಯಾಂಕ್ ತುಂಬಿದಷ್ಟೂ ಒಳಗೆ ಗಾಳಿ ಕಮ್ಮಿ, ಅಷ್ಟು ಬೇಗ ನಿಲ್ಲತ್ತೆ. ಊರಲ್ಲಿ ಚೂರು ದೂರ ಓಡ್ಸಿ ಪೆಟ್ರೋಲಿಗೆ ಮುಚ್ಚಳ ತೆಗೀತೀಯ, ಗೊತ್ತಾಗಲ್ಲ. ನಮ್ಮಪ್ಪ ಕನಾತ್ ತೋಡ್ವಾಗ ಅಷ್ಟಷ್ಟು ದೂರಕ್ಕೆ ಒಂದೊಂದು ಬಾವಿ ಬಿಡ್ತಿದ್ದ. ಜನ ನೀರಿಗೆ ಅನ್ಕೊಳೋರು. ಅದು ಕೆಳಗಿರೋನ ಉಸಿರಿಗೆ."

"ಹಾಗಾದ್ರೆ ನಾನು ಪೆಟ್ರೋಲ್ ನೋಡ್ತಿದ್ದಾಗೆಲ್ಲ..."

"ಗೊತ್ತಿಲ್ದೆ ನೀನೇ ವಾಸಿ ಮಾಡ್ತಿದ್ದೆ ಡಾಕ್ಟ್ರೇ. ಅವತ್ತೊಂದಿನ ನೋಡ್ಲಿಲ್ಲ."

ಪ್ಲಗ್ ಹಾಕಿ ಒಂದೇ ಕಿಕ್ಕಿಗೆ ಗಾಡಿ ಹತ್ತಿಕೊಂಡಿತು. ಉಸ್ತಾರ ಅಂಗಿಯ ಮೇಲೆ ಗ್ರೀಸಿನ ಒಂದು ಚುಕ್ಕೆ ಇರಲಿಲ್ಲ. ನೆಮತ್ ಅದನ್ನು ಕದ್ದು ನೋಡಿದ. ಹಿಂದೆ ಮನಸ್ಸಿನಲ್ಲಿ ಜಂಬ ಅಂದದ್ದಕ್ಕೆ ನಾಚಿಕೆಯಾಯಿತು.

ಟೋಪಿಯನ್ನು ತಿರುಗಿಸಿ ನೋಡಿದ. ಒಳಗೆ ಹಳೆ ನೀರಿನ ತಿತ್ತಿಯ ತೊಗಲು, ಎಣ್ಣೆ ಕುಡಿಸಿ, ಎರಡು ಸಾಲು ಒತ್ತು ಹೊಲಿಗೆ. ಮರಳುಗಾಡಿನಲ್ಲಿ ನೀರು ಹೊತ್ತು ಬದುಕಿದವರ ಕೈ ಅದು. ಒಂದು ಹನಿ ಆಚೆ ಬಿಡದು, ಒಂದು ಉಸಿರು ಒಳಗೆ ಬಿಡದು.

"ಇದಕ್ಕೊಂದು ತೂತು ಹಾಕ್ಬಿಡಿ ಉಸ್ತಾ. ಅವರಿಗೆ ಹೇಳೋದು ಬೇಡ. ನೊಂದ್ಕೊತಾರೆ."

"ನಾನು ಹಾಕಲ್ಲ" ಅಂದರು ಉಸ್ತಾ. "ಇಂಥ ಹೊಲಿಗೆಗೆ ನಾನು ಮೊಳೆ ಹಾಕ್ಲಾ? ಹೊಲಿದೋರೇ ಹಾಕ್ಲಿ."

ಉಳಿದ ಹದಿನಾರು ಕಿಲೋಮೀಟರ್ ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಬಿದ್‌ಚಶ್ಮೆಯಲ್ಲಿ ಪೆಟ್ಟಿಗೆ ತೆರೆದಾಗ ಐಸು ಇನ್ನೂ ಗಟ್ಟಿಯಾಗಿತ್ತು. ಒಂದರ ಹಿಂದೊಂದು ಏಳು ಮಕ್ಕಳಿಗೂ ಸೂಜಿ ಆಯಿತು. ಕೊನೆಯದು ಬೀಬೀ ತೂಬಾಳ ಮರಿಮೊಮ್ಮಗಳು, ಎರಡು ತಿಂಗಳ ಕೂಸು. ಬೀದಿ ಹಾರಿಹೋಗುವಂತೆ ಅಳುತ್ತಿತ್ತು.

ಅದನ್ನು ತೊಡೆಯ ಮೇಲೆ ಹಾಕಿಕೊಂಡೇ ಮುದುಕಿ ಗಾಡಿಯ ಕಡೆ ನೋಡಿದಳು. "ಟೋಪಿ ಎಲ್ಲಿ ಮಗಾ? ಬಿದ್ದೋಯ್ತಾ?"

ನೆಮತ್ ಏನೋ ಸುಳ್ಳು ಹುಡುಕುತ್ತಿದ್ದ. ಉಸ್ತಾ ಜೇಬಿನಿಂದ ಟೋಪಿ ತೆಗೆದು ಎರಡೂ ಕೈಯಿಂದ ಕೊಟ್ಟರು. "ಬೀಬೀ, ನಾನು ಜನ್ಮದಲ್ಲಿ ಇಂಥ ಹೊಲಿಗೆ ನೋಡಿಲ್ಲ. ಗಾಳಿ ಸಹ ಹೋಗಲ್ಲ."

"ನಮ್ಮಮ್ಮ ಕಲ್ಸಿದ್ದು. ನಮ್ಮನೆ ತಿತ್ತಿ ಹತ್ತು ದಿನ ಒಂಟೆ ಮೇಲಿದ್ರೂ..." ಮುದುಕಿಯ ಮಾತು ಅಲ್ಲೇ ನಿಂತಿತು. ಉಸ್ತಾರ ಮುಖ ನೋಡಿದಳು, ನೆಮತ್‌ನ ತಗ್ಗಿದ ತಲೆ ನೋಡಿದಳು. ಬುದ್ಧಿವಂತೆ. "ಗಾಳಿ ಬೇಕಾಗಿತ್ತಾ ಅದಕ್ಕೆ?"

"ಚೂರು ಬೇಕಾಗಿತ್ತು."

"ಹೋದ ತಿಂಗಳು ಇವನು ಬರ್ದೇ ಇದ್ದದ್ದು..."

ಮುದುಕಿ ಎದ್ದು, ಕೂಸನ್ನು ಎದೆಗೊತ್ತಿಕೊಂಡು ಗಾಡಿಯ ಹತ್ತಿರ ಹೋಗಿ, ಕಾದ ಟ್ಯಾಂಕನ್ನು ಒಂಟೆಯ ಬೆನ್ನು ತಡವುವಂತೆ ತಡವಿದಳು. "ಪಾಪ, ಚಳಿಗಾಲದಿಂದ ಉಸಿರು ಕಟ್ಕೊಂಡು ನಮ್ಮ ಮಕ್ಕಳಿಗೋಸ್ಕರ ಓಡಾಡ್ತಿತ್ತಾ ಇದು" ಅಂದಳು.

ಕೂಸನ್ನು ತೊಡೆಗೆ ಹಾಕಿಕೊಂಡು ಕೂತು, ದಬ್ಬಳ ತರಿಸಿ, ನೀಲಿ ಮಣಿಯ ಪಕ್ಕದಲ್ಲೇ ತೊಗಲನ್ನು ಚುಚ್ಚಿದಳು. ಸಾಲದೆಂದು ದಬ್ಬಳವನ್ನು ಎರಡು ಸುತ್ತು ತಿರುಗಿಸಿದಳು. ಆಮೇಲೆ ತಿತ್ತಿ ಪರೀಕ್ಷಿಸುವವರ ಹಾಗೆ ಟೋಪಿಯನ್ನು ಬಾಯಿಗಿಟ್ಟು ಊದಿದಳು. ತೂತಿನಿಂದ ಹೊರಟ ಗಾಳಿ ಅಳುತ್ತಿದ್ದ ಕೂಸಿನ ಮುಖಕ್ಕೆ ಬಡಿಯಿತು. ಕೂಸು ಕಣ್ಣು ಪಿಳುಕಿಸಿ, ಅಳು ಮರೆತು, ಬಾಯಿ ತೆರೆದು ಒಂದು ದೊಡ್ಡ ಉಸಿರು ಎಳೆದುಕೊಂಡಿತು.

ಉಸ್ತಾ ಬೆಮಾನ್ ಮುಖ ಆಚೆ ತಿರುಗಿಸಿದರು. ಬಿಳಿ ಅಂಗಿಯ ತೋಳನ್ನು ಕಣ್ಣಿಗೊತ್ತಿಕೊಂಡಾಗ, ದಾರಿಯುದ್ದಕ್ಕೂ ಮೆತ್ತಿದ್ದ ಧೂಳು ನೀರಾಗಿ ತೋಳಿನ ಮೇಲೆ ಮಣ್ಣಿನ ಕಲೆ ಮಾಡಿತು. ಸಂಜೆ ಅಸ್ಗರ್ ಅದನ್ನು ನೋಡಿ, ಏನು ಬಿಚ್ಚಿದ್ರಿ ಉಸ್ತಾ ಅಂತ ಕೇಳಿದ. ಒಂದು ದಾರ ಅಂದರು.