‘ಬೇಡ’ ಅನ್ನಿಸಿಕೊಳ್ಳಲು ಹೊರಟ ಮೇಲಿನಕ್ಕ

ಬಂದರಿನ ಯಾರ್ಡಿನಲ್ಲಿ ಅವಳನ್ನು ಎಲ್ಲರೂ ಮೇಲಿನಕ್ಕ ಎನ್ನುತ್ತಾರೆ. ಗೌರವಕ್ಕಲ್ಲ, ವಿಳಾಸಕ್ಕೆ. ಬೆಳಿಗ್ಗೆ ಏಣಿ ಹತ್ತಿ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತರೆ ಊಟದ ಹೊತ್ತಿಗೇ ಅವಳು ಕೆಳಗಿಳಿಯುವುದು. ಮನೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಯನ್ನು ಹಡಗಿನ ಹೊಟ್ಟೆಯಿಂದ ಎತ್ತಿ, ತೂಗಾಡದಂತೆ ಗಾಳಿಯಲ್ಲಿ ತೇಲಿಸಿ, ನಿದ್ದೆ ಹೋದ ಕೂಸನ್ನು ಹಾಸಿಗೆಗೆ ಇಳಿಸುವ ಹಾಗೆ ಲಾರಿಯ ಬೆನ್ನಿಗೆ ಇಳಿಸುತ್ತಾಳೆ. ಲಾರಿಯೊಳಗೆ ತೂಕಡಿಸುತ್ತಿರುವ ಡ್ರೈವರನಿಗೆ ಎಚ್ಚರವೂ ಆಗುವುದಿಲ್ಲ.

ಇಂಥ ಪರಾಕ್ರಮಿ, ತಲೆಯಲ್ಲಿ ಬೆಳ್ಳಿ ಎಳೆಗಳು ಕಾಣಿಸಿಕೊಂಡ ಮೇಲೆ, ಕನ್ನಡಕದ ಅಂಗಡಿಯವನೊಬ್ಬನನ್ನು ಮದುವೆಯಾದಳು. ಅವನ ಜೊತೆಗೆ ಎರಡು ಕೋಣೆಯ ಮನೆ, ಒಂದು ಕಾಲು ಕುಂಟುವ ಊಟದ ಮೇಜು ಮತ್ತು ಎಂಟು ವರ್ಷದ ಮಗಳು ಬಂದರು. ಮಗಳ ಅಮ್ಮ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿ ಸುಖವಾಗಿದ್ದು, ಭಾನುವಾರ ಫೋನು ಮಾಡುತ್ತಿದ್ದಳು. ಆ ಕಥೆಯಲ್ಲಿ ಈಗ ಯಾರಿಗೂ ಯಾರ ಮೇಲೂ ದೂರಿಲ್ಲ. ಮೇಲಿನಕ್ಕ ಮಾತ್ರ ಮಲತಾಯಿಯರ ಕುಖ್ಯಾತಿಯನ್ನೆಲ್ಲ ಕೇಳಿ ತಿಳಿದಿದ್ದವಳು. ಅಳು, ಮುನಿಸು, ಬಾಗಿಲು ಬಡಿಯುವುದು ಎಲ್ಲಕ್ಕೂ ಸೊಂಟ ಕಟ್ಟಿಕೊಂಡೇ ಹೊಸ್ತಿಲು ದಾಟಿದಳು. ಆದರೆ ಎದುರಾಳಿ ಆಯುಧವನ್ನೇ ಎತ್ತಲಿಲ್ಲ.

ಮೊದಲ ವಾರವೇ ಮೇಲಿನಕ್ಕ ಓಟ್ಸನ್ನು ತಳ ಹಿಡಿಸಿದಳು. ಕನ್ನಡಕದವನು ಒಂದು ಚಮಚ ಬಾಯಿಗಿಟ್ಟು, ಗೋಡೆ ನೋಡುತ್ತಾ ನುಂಗಿದ. ಹುಡುಗಿ ಬಟ್ಟಲನ್ನು ಕೆರೆದು ತಿಂದು, “ಚೆನ್ನಾಗಿದೆ ಆಂಟಿ” ಎಂದಳು. ಹಾಗಲಕಾಯಿ ಕೊಟ್ಟರೂ “ಹೂಂ.” ಬೆಳಿಗ್ಗಿನ ತಂಗಳು ಕೊಟ್ಟರೂ “ಹೂಂ.” ಅಪ್ಪ ಬಡಿಸಿದ ದಿನ ಬೇರೆಯದೇ ಮಗು. ಬೀನ್ಸು ಗುಂಡಿನ ಹಾಗೆ ಹಾರುತ್ತಿತ್ತು. ಅನ್ನದ ಮುದ್ದೆಯೊಂದು ಅಪ್ಪನ ಚಪ್ಪಲಿಯಲ್ಲಿ ಸಿಕ್ಕಿದ್ದೂ ಉಂಟು.

“ನೋಡು, ನಿನ್ನ ಹತ್ರ ಎಷ್ಟು ಒಳ್ಳೆಯವಳಾಗಿರ್ತಾಳೆ!” ಎಂದು ಕನ್ನಡಕದವನು ಬೀಗುತ್ತಿದ್ದ. “ನನ್ನ ಜೀವ ಮಾತ್ರ ಹಿಂಡಿ ಹಿಪ್ಪೆ ಮಾಡ್ತಾಳೆ.”

ಈ ಬಿರುದನ್ನು ಮೇಲಿನಕ್ಕ ಯಾರ್ಡಿಗೆ ಹೊತ್ತುಕೊಂಡು ಹೋಗಿ, ಸನ್ನೆ ಮೇಸ್ತ್ರಿಯ ಮುಂದೆ ಬಿಚ್ಚಿಟ್ಟಳು. ಸನ್ನೆ ಮೇಸ್ತ್ರಿ ಎಂದರೆ ನೆಲದ ಮೇಲೆ ನಿಂತು, ಎತ್ತು ಇಳಿಸು ತಿರುಗಿಸು ಎಂದು ಅವಳಿಗೆ ಕೈಸನ್ನೆ ಮಾಡುವವನು. ಮನೆ ತುಂಬ ಮಕ್ಕಳಿರುವ ಆ ಮನುಷ್ಯ ಬೆನ್ನು ತಟ್ಟುವ ಬದಲು ತಲೆ ಕೆರೆದುಕೊಂಡ.

“ನೆಂಟರ ಮನೇಲಿ ಮಕ್ಕಳು ಹಾಗೇ ಇರ್ತಾವೆ ಕಣಕ್ಕಾ. ಕೊಟ್ಟಿದ್ದನ್ನ ತಿಂದು ಥ್ಯಾಂಕ್ಸ್ ಹೇಳ್ತಾವೆ. ನನ್ನ ಮನೇಲಿ ನಾನು ತಟ್ಟೆ ಇಟ್ಟರೆ ಸಾಕು, ನಾಲ್ಕು ದಿಕ್ಕಿನಿಂದ ‘ಬೇಡ’ ಕೇಳಿಸುತ್ತೆ.”

“ಹಂಗಾದ್ರೆ ನಾನು ನೆಂಟಳಾ?”

“ನೆಂಟಳು ನೀನಲ್ಲ. ಅವಳು.”

ಈ ಮಾತು ಮೇಲಿನಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಹುಟ್ಟಿ ಬೆಳೆದ ಮನೆಯಲ್ಲೇ ಒಂದು ಮಗು ತನ್ನಿಂದಾಗಿ ನೆಂಟಳಾಗಿ ಬದುಕುತ್ತಿದೆಯಲ್ಲ! ಅಂದಿನಿಂದ ಅವಳಿಗೆ ಬದುಕಿನಲ್ಲಿ ಒಂದೇ ಗುರಿ. ಆ ಹುಡುಗಿಯ ಬಾಯಿಂದ ಒಂದು ‘ಬೇಡ’ ಹೊರಡಿಸಬೇಕು. ಹೊಗಳಿಕೆಗೆ, ಸಂಬಳಕ್ಕೆ, ಸ್ವರ್ಗಕ್ಕೆ ಹಂಬಲಿಸಿದವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಡುಗೆಯನ್ನು ತಿರಸ್ಕರಿಸಿ ಎಂದು ಹಂಬಲಿಸಿದವರು ಕಡಿಮೆ.

ರಜೆ ಬಂತು. ಊರಾಚೆಯ ಊರಿನ ದೊಡ್ಡ ಥೀಮ್ ಪಾರ್ಕಿಗೆ ಮೂವರೂ ಹೋಗುವುದೆಂದು ನಿಶ್ಚಯವಾಗಿತ್ತು. ಹೊರಡುವ ದಿನ ಕನ್ನಡಕದವನ ಅಂಗಡಿಯ ಸಹಾಯಕ ಜ್ವರ ಬಂದು ಮಲಗಿದ. “ನೀವಿಬ್ಬರೂ ಹೋಗಿರಿ, ನಾನು ಬೆಳಿಗ್ಗೆ ಮೊದಲ ಬಸ್ಸಿಗೆ ಬರ್ತೀನಿ” ಎಂದ ಅವನು, ಸಮಾಧಾನಕ್ಕೆ ಒಂದು ಸಲಹೆಯನ್ನೂ ಕೊಟ್ಟ: “ಪಾರ್ಕಿನ ಬಾಗಿಲಲ್ಲೇ ‘ಕರಡಿ ಮನೆ’ ಅಂತ ಹೋಟೆಲಿದೆ. ರಾತ್ರಿ ಊಟಕ್ಕೆ ಅಲ್ಲಿ ಫೋನು ಮಾಡಿ ಮೇಜು ಹಿಡಿಸಿಟ್ಟುಬಿಡು. ಕರಡಿ ವೇಷದವನು ಬಂದು ಮಕ್ಕಳನ್ನ ತಬ್ಬಿಕೊಳ್ತಾನೆ, ಕುಣೀತಾನೆ. ಎಲ್ಲ ಮಕ್ಕಳಿಗೂ ಇಷ್ಟ.” ಎಲ್ಲ ಮಕ್ಕಳಿಗೂ ಏನು ಇಷ್ಟ ಎಂಬುದು ಅಪ್ಪಂದಿರಿಗೆ ಅದು ಹೇಗೋ ಗೊತ್ತಿರುತ್ತದೆ.

ಸಂಜೆಗೆ ಊರು ತಲುಪಿದರು. ಪಾರ್ಕಿನೊಳಗೆ ಬಿಡುವುದು ಮರುದಿನ ಬೆಳಿಗ್ಗೆಯೇ. ಆ ದಿನಕ್ಕೆ ಉಳಿದಿದ್ದ ಮಹತ್ಕಾರ್ಯವೆಂದರೆ ಊಟ ಮಾತ್ರ. ವಸತಿಗೃಹದ ಕೋಣೆಯಲ್ಲಿ ಎರಡು ಮಂಚ, ಸೋರುವ ನಲ್ಲಿ, ಒಂದು ಕೆಟಲ್ ಇದ್ದವು. ಕಿಟಕಿಯಿಂದ ಪಾರ್ಕಿನ ದೊಡ್ಡ ಚಕ್ರದ ಮೇಲ್ತುದಿ ಕಾಣುತ್ತಿತ್ತು. ಹುಡುಗಿ ತನ್ನ ಬ್ಯಾಗನ್ನು ಮಂಚದ ಅಂಚಿಗೆ ನೀಟಾಗಿಟ್ಟು, ಅದರ ಪಕ್ಕದಲ್ಲಿ ತಾನೂ ನೀಟಾಗಿ ಕೂತಳು. ದಂತವೈದ್ಯರ ಬಾಗಿಲಲ್ಲಿ ಕೂತವರು ಹಾಗೆ ಕೂರುತ್ತಾರೆ.

ಮೇಲಿನಕ್ಕ ಎದುರಿನ ಮಂಚದಲ್ಲಿ ಕೂತು ಸಮರಕ್ಕೆ ಇಳಿದಳು. “ರಾತ್ರಿ ಏನು ತಿನ್ನೋಣ?”

“ನೀವು ಹೇಳಿದ್ದು.”

“ಬರೀ ಬೇಯಿಸಿದ ಕೋಸು ತಿನ್ನೋಣವಾ? ಉಪ್ಪಿಲ್ಲದೆ?”

“ಹೂಂ.”

“ನಿನ್ನೆ ಉಳಿದಿದ್ದನ್ನ ಯಾರಾದರೂ ಅಗ್ಗಕ್ಕೆ ಕೊಡ್ತಾರೇನೋ ಕೇಳೋಣವಾ?”

“ಹೂಂ.”

“ಏನೂ ಬೇಡ, ಒಂದೊಂದು ಲೋಟ ನೀರು ಕುಡಿದು ಮಲಗಿಬಿಡೋಣವಾ?”

ಹುಡುಗಿ ಸ್ವಲ್ಪ ಯೋಚಿಸಿದಳು. ಮೇಲಿನಕ್ಕ ಉಸಿರು ಬಿಗಿಹಿಡಿದಳು.

“ಹೂಂ. ನನಗೇನೂ ಅಷ್ಟು ಹಸಿವಿಲ್ಲ ಆಂಟಿ.”

ಟನ್ನುಗಟ್ಟಲೆ ಕಬ್ಬಿಣವನ್ನು ಬೆರಳ ತುದಿಯಲ್ಲಿ ಆಡಿಸುವ ಹೆಂಗಸು ದಿಂಬಿಗೊರಗಿ ನಿಟ್ಟುಸಿರುಬಿಟ್ಟಳು. “ಸರಿ, ಕರಡಿ ಮನೇಲಿ ಮೇಜು ಹಿಡಿಸಿದೀನಿ. ಅಲ್ಲಿಗೇ ಹೋಗೋಣ್ವಾ?”

“...ಹೂಂ.”

ಈ ಹೂಂ ಹೊರಡುವಾಗ ಎಲ್ಲೋ ತೊಡರಿಕೊಂಡಿತ್ತು. ಯಾರ್ಡಿನಲ್ಲಾದರೆ ಅರ್ಧ ಸನ್ನೆಗೆ ಮೇಲಿನಕ್ಕ ಕಡ್ಡಿಯನ್ನೂ ಎತ್ತುವವಳಲ್ಲ. ಆದರೆ ಇಲ್ಲಿ ಅವಳು ನೆಲದ ಮೇಲಿದ್ದಳು, ಹೊಟ್ಟೆ ಚುರುಗುಟ್ಟುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಕರಡಿ ಮನೆಯ ಮುಂದೆ ಉದ್ದದ ಸಾಲು. ಮೇಜು ಹಿಡಿಸಿಟ್ಟವರೂ ಸಾಲಿನಲ್ಲೇ ನಿಲ್ಲಬೇಕು. ಒಳಗಿನಿಂದ ಬೆಣ್ಣೆಯ ವಾಸನೆಯೂ ಬ್ಯಾಂಡಿನ ಗದ್ದಲವೂ ಒಟ್ಟಿಗೆ ಬರುತ್ತಿದ್ದವು. ಇದ್ದಕ್ಕಿದ್ದಂತೆ ಬಾಗಿಲು ತೆರೆದು ಕರಡಿ ಹೊರಬಂತು. ಬಾಗಿಲಿನಷ್ಟೇ ಎತ್ತರ, ಮೊರದಗಲದ ಪಂಜ, ಕಿವಿವರೆಗೂ ಹೊಲಿದ ನಗು. ಸಾಲಿನ ತಲೆಯಿಂದ ಶುರುಮಾಡಿ, ಸಿಕ್ಕ ಮಗುವನ್ನೆಲ್ಲ ಎತ್ತಿ ತಬ್ಬಿ ಇಳಿಸುತ್ತಾ ಹತ್ತಿರ ಬಂತು. ಮಕ್ಕಳು ಕಿರುಚಿ ನಗುತ್ತಿದ್ದರು, ಅಪ್ಪಂದಿರು ಫೋಟೊ ಹೊಡೆಯುತ್ತಿದ್ದರು. ಇನ್ನೇನು ಕರಡಿ ಕೈ ಚಾಚಬೇಕು, ಅಷ್ಟರಲ್ಲಿ ಹುಡುಗಿ ಎರಡೂ ತೋಳನ್ನು ಅಗಲಕ್ಕೆ ಚಾಚಿ, ಅಂಗೈ ಮುಂದೆ ಮಾಡಿ ನಿಂತುಬಿಟ್ಟಳು.

ಇಲ್ಲಿ ಯಾರ್ಡಿನ ಒಂದು ಕಾನೂನನ್ನು ಹೇಳಲೇಬೇಕು. ಎತ್ತು, ಇಳಿಸು, ತಿರುಗಿಸು ಇವನ್ನೆಲ್ಲ ಹೇಳುವ ಅಧಿಕಾರ ಸನ್ನೆ ಮೇಸ್ತ್ರಿಗೆ ಮಾತ್ರ. ಆದರೆ ಎರಡೂ ತೋಳು ಚಾಚಿದ ಸನ್ನೆ, ಅಂದರೆ ‘ತಕ್ಷಣ ನಿಲ್ಲಿಸು’, ಅದನ್ನು ಯಾರು ಬೇಕಾದರೂ ಮಾಡಬಹುದು. ಗುಡಿಸುವವಳು ಮಾಡಿದರೂ ಸರಿ, ದಾರಿ ತಪ್ಪಿ ಬಂದವನು ಮಾಡಿದರೂ ಸರಿ, ಯಾಕೆಂದು ಕೇಳದೆ ನಿಲ್ಲಿಸಬೇಕು. ಮೇಲಿನಕ್ಕನ ಮೈಯಲ್ಲಿ ಈ ಕಾನೂನು ರಕ್ತದ ಜೊತೆ ಓಡಾಡುತ್ತದೆ. ಆ ತೋಳು ಕಂಡದ್ದೇ ತಡ, ತಾನು ರಜೆಯಲ್ಲಿರುವುದನ್ನು ಮರೆತಳು. ಕರಡಿಗೂ ಹುಡುಗಿಗೂ ನಡುವೆ ಹಾರಿ ನಿಂತು, ಗಾಳಿಯ ಎದುರು ಕೂಗಿ ಪಳಗಿದ ಗಂಟಲಿನಿಂದ ಗರ್ಜಿಸಿದಳು:

“ನಿಲ್ಲಿಸಿ!”

ಕರಡಿ ನಿಂತಿತು. ಸಾಲು ನಿಂತಿತು. ತಟ್ಟೆ ಹೊತ್ತ ಮಾಣಿ ಒಂದು ಕಾಲಿನ ಮೇಲೆ ನಿಂತ. ಒಳಗೆ ಬ್ಯಾಂಡಿನವರಿಗೂ ಏನನ್ನಿಸಿತೋ, ಅವರೂ ನಿಲ್ಲಿಸಿದರು.

“ಏನಾಯ್ತು ಮೇಡಂ?” ಕರಡಿಯ ಹೊಟ್ಟೆಯೊಳಗಿಂದ ಸಣ್ಣ ದನಿಯೊಂದು ಕೇಳಿತು.

“ಗೊತ್ತಿಲ್ಲ. ನಿಲ್ಲಿಸು ಅಂದಿದ್ದಾಳೆ.”

“ಯಾರು? ಈ ಮಗೂನಾ?”

“ಯಾರಾದರೇನು? ಯಾಕೆ ಅಂತ ಗೊತ್ತಾಗೋವರೆಗೂ ಒಬ್ಬರೂ ಅಲ್ಲಾಡಬೇಡಿ.”

“ತಾಯೀ, ನಮಗೆ ಹಸಿವಾಗ್ತಿದೆ!” ಎಂದು ಸಾಲಿನ ಹಿಂದಿನಿಂದ ಯಾರೋ ಮೊರೆಯಿಟ್ಟರು.

“ನಾನು ಕೈ ಇಳಿಸಬಹುದಾ ಮೇಡಂ?” ಕರಡಿ ಬೇಡಿಕೊಂಡಿತು. “ಒಳಗೆ ಬೆವರು ಕಿತ್ತು ಬರ್ತಿದೆ.”

“ಆಗಲ್ಲ.”

ಮೇಲಿನಕ್ಕ ಮಂಡಿಯೂರಿ ಹುಡುಗಿಯ ಮುಖಕ್ಕೆ ಮುಖ ತಂದಳು. “ಯಾಕೆ ನಿಲ್ಲಿಸಿದೆ, ಹೇಳು.”

ಹುಡುಗಿಯ ಕಣ್ಣು ಇಷ್ಟಗಲ ಆಗಿತ್ತು. ಕರಡಿಯಿಂದಲೋ, ತನ್ನ ಎರಡು ಕೈಗೆ ಇಡೀ ಬೀದಿ ನಿಂತದ್ದರಿಂದಲೋ ಹೇಳುವುದು ಕಷ್ಟ. “ಅದರೊಳಗೆ ಮನುಷ್ಯ ಇದಾನೆ” ಎಂದಳು ಪಿಸುದನಿಯಲ್ಲಿ.

“ಹೌದು, ಇದಾನೆ.”

“ಗೊತ್ತಿಲ್ಲದವರು ತಬ್ಬಿಕೊಳ್ಳೋದು ನನಗೆ ಬೇಡ.”

ಬಂತು! ಯಾವ ಮಾತಿಗಾಗಿ ಮೇಲಿನಕ್ಕ ತಿಂಗಳುಗಟ್ಟಲೆ ತಪಸ್ಸು ಮಾಡಿದ್ದಳೋ ಅದು ಬಂತು. ಬಂದು, ಕರಡಿಯ ಪಾಲಾಯಿತು. ತನ್ನ ಅಡುಗೆಗೆ ಸಲ್ಲಬೇಕಾಗಿದ್ದ ಗೌರವ ಉಣ್ಣೆಯ ಪ್ರಾಣಿಗೆ ಸಂದದ್ದನ್ನು ಕಂಡು ಅವಳಿಗೆ ಸಣ್ಣ ಹೊಟ್ಟೆಕಿಚ್ಚೇ ಆಯಿತು. ಎದ್ದು ನಿಂತು, “ಆಯ್ತು, ಎಲ್ಲರೂ ನಡೀರಿ” ಎಂದು ಬೀದಿಗೆ ಅಪ್ಪಣೆ ಕೊಟ್ಟಳು. ಹಿಡಿಸಿಟ್ಟ ಮೇಜನ್ನು ಅಲ್ಲೇ ಬಿಟ್ಟು ಇಬ್ಬರೂ ಸಾಲಿನಿಂದ ಹೊರಬಂದರು. ಕರಡಿ ಬೇರೆ ದಿಕ್ಕಿಗೆ ಅವಸರದಿಂದ ಹೋಯಿತು.

ಒಂದಷ್ಟು ದೂರ ನಡೆದ ಮೇಲೆ ಹುಡುಗಿ ಕೇಳಿದಳು. “ನಾನು ಕೈ ಚಾಚಿದ್ದಕ್ಕೆ ನೀವ್ಯಾಕೆ ಎಲ್ಲಾನೂ ನಿಲ್ಲಿಸಿದ್ರಿ?”

ಮೇಲಿನಕ್ಕ ಕಾನೂನನ್ನು ವಿವರಿಸಿದಳು.

“ಯಾರು ಮಾಡಿದರೂ?”

“ಯಾರು ಮಾಡಿದರೂ.”

“ಟೀ ಮಾರೋನು?”

“ಅವನೂ.”

“ಕಳ್ಳ?”

“ಕಳ್ಳನೂ. ಮೊದಲು ನಿಲ್ಲಿಸೋದು, ಆಮೇಲೆ ಹಿಡಿಯೋದು.”

ಹುಡುಗಿ ಇದನ್ನು ಮನಸ್ಸಿನಲ್ಲೇ ತಿರುವಿ ಮುರುವಿ ನೋಡಿದಳು. ನಾಲ್ಕು ಹೆಜ್ಜೆ ಮುಂದೆ ಓಡಿ, ತಿರುಗಿ, ಎರಡೂ ತೋಳು ಚಾಚಿದಳು. ಮೇಲಿನಕ್ಕ ಎತ್ತಿದ ಕಾಲನ್ನು ಗಾಳಿಯಲ್ಲೇ ಹಿಡಿದು ನಿಂತಳು. ಚಪ್ಪಲಿ ಅಂಗಡಿಯವನು ಹೊರಗಿಣುಕಿ, ಏನು ಅಳತೆ ಬೇಕೆಂದು ಕೇಳಿದ. ಹುಡುಗಿ ತೋಳು ಇಳಿಸಿದಳು. ಅವಳ ಮುಖದಲ್ಲಿ ಅಧಿಕಾರ ಕೈಗೆ ಬಂದವರ ಕಳೆ ಮೂಡಿತು.

ಊಟದ ಮಾತುಕತೆ ನಿಜಕ್ಕೂ ಶುರುವಾದದ್ದು ಆಗ, ಆ ಫುಟ್‌ಪಾತಿನ ಮೇಲೆ.

“ಅಲ್ಲಿ ನೂಡಲ್ಸ್ ಮಾಡ್ತಿದಾರೆ ನೋಡು.”

ತೋಳು ಚಾಚಿದವು.

“ಸೂಪು?”

ತೋಳು.

“ಹಡಗಿನ ಥರ ಕಟ್ಟಿದ್ದಾರಲ್ಲ, ಆ ಹೋಟೆಲು?”

“ನಿಮಗೆ ದಿನಾ ಹಡಗು ನೋಡಿ ಸಾಕಾಗಿಲ್ವಾ?” ಎಂಬ ಟೀಕೆ ಬೇರೆ ಸೇರಿಕೊಂಡಿತು.

ಮೊದಮೊದಲು ಮೇಲಿನಕ್ಕನಿಗೆ ಹಿಗ್ಗೋ ಹಿಗ್ಗು. ಒಂದೊಂದು ತಡೆಯನ್ನೂ ಪದಕದ ಹಾಗೆ ಎದೆಗೆ ಚುಚ್ಚಿಕೊಂಡಳು. ಆದರೆ ಹಿಗ್ಗಿನಿಂದ ಹೊಟ್ಟೆ ತುಂಬುವುದಿಲ್ಲ. ಅವಳು ಮಧ್ಯಾಹ್ನ ಬಸ್ಸಿನಲ್ಲಿ ಒಂದು ಬಾಳೆಹಣ್ಣು ತಿಂದವಳು. ಬೀದಿಯ ಕೊನೆ ಬಂತು, ಹೋಟೆಲುಗಳು ಮುಗಿದವು. ಕಟ್ಟಕಡೆಯ ಬೇಕರಿಯ ಮುಂದೆಯೂ ತೋಳು ಚಾಚಿದಾಗ ಮೇಲಿನಕ್ಕನೊಳಗೆ ಎಲ್ಲೋ ಒಂದು ಹಗ್ಗ ಕಿತ್ತುಕೊಂಡಿತು.

“ಮತ್ತೇನು, ಮಣ್ಣು ತಿಂತೀಯಾ? ತಮಾಷೆಗೂ ಒಂದು ಮಿತಿ ಬೇಡವಾ?”

ಯಾರ್ಡಿನ ಗಂಟಲು ಮತ್ತೆ ಹೊರಟುಬಿಟ್ಟಿತ್ತು. ಹುಡುಗಿಯ ತೋಳು ಮೆಲ್ಲಗೆ ಕೆಳಗಿಳಿದವು. ಮುಖ ಮತ್ತೆ ನೀಟಾಯಿತು. ಮಂಚದ ಅಂಚಿನಲ್ಲಿ ಬ್ಯಾಗಿನ ಪಕ್ಕ ಕೂತಿದ್ದ ಮುಖ ಅದು. ಇನ್ನು ಬಾಯಿ ತೆರೆದರೆ ಹೊರಡುವುದು ಹೂಂ ಎಂದೇ ಮೇಲಿನಕ್ಕನಿಗೆ ಖಾತ್ರಿಯಾಯಿತು. ಗೆದ್ದ ರಾಜ್ಯವನ್ನು ಒಂದು ಕೂಗಿಗೆ ಕಳೆದುಕೊಂಡೆನಲ್ಲ ಎಂದು ತನ್ನ ಬಾಯಿಯನ್ನು ತಾನೇ ಶಪಿಸಿಕೊಂಡಳು.

“ಬೈತಿದೀರಾ?” ಹುಡುಗಿ ಕೇಳಿದಳು.

ಮೇಲಿನಕ್ಕನಿಗೆ ‘ಇಲ್ಲಮ್ಮ, ಸುಮ್ಮನೆ’ ಎಂದು ಸವರಿಬಿಡುವ ಆಸೆ ಬಂತು. ಹಸಿವು ಬಿಡಲಿಲ್ಲ. “ಹೌದು, ಬೈತಿದೀನಿ. ನನಗೆ ಹೊಟ್ಟೆ ಹಸಿದಿದೆ.”

ಹುಡುಗಿ ಅವಳನ್ನು ಅಡಿಯಿಂದ ಮುಡಿವರೆಗೆ ಒಮ್ಮೆ ನೋಡಿದಳು. ನೋಡಿ, ಸೊಂಟದ ಮೇಲೆ ಕೈಯಿಟ್ಟಳು.

“ನನಗೂ ಹಸಿದಿದೆ! ಮಧ್ಯಾಹ್ನದಿಂದ ಹಸಿದಿದೆ. ನೀವೇ ಕೋಸು, ನೀರು, ಕರಡಿ ಅಂತ ಹೊತ್ತು ಕಳೆದ್ರಿ. ನನಗೆ ಬ್ರೆಡ್ಡು, ಬೆಣ್ಣೆ, ಮೊಟ್ಟೆ ಸಾಕು. ರೂಮಲ್ಲೇ ತಿನ್ನೋದು. ಅಲ್ಲಿ ಯಾರೂ ಕುಣಿಯಲ್ಲ.”

“ಅದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?”

“ನೀವು ಕೇಳಿದ್ದೆಲ್ಲ ಬರೀ ಕೆಟ್ಟ ಊಟ!”

ಅದೇ ಬೇಕರಿಯಲ್ಲಿ ಬ್ರೆಡ್ಡು, ಬೆಣ್ಣೆ, ಬೇಯಿಸಿದ ಮೊಟ್ಟೆ ಕೊಂಡರು. ಪಕ್ಕದ ಅಂಗಡಿಯಲ್ಲಿ ಮೇಲಿನಕ್ಕ ತನ್ನ ಸ್ವಂತ ತೀರ್ಮಾನದ ಮೇಲೆ ಎರಡು ಟೊಮ್ಯಾಟೊವನ್ನೂ ಕೊಂಡಳು. ಮಕ್ಕಳಿಗೆ ತರಕಾರಿ ಬೇಕು ಎಂದು ಎಲ್ಲೋ ಕೇಳಿದ್ದಳು.

ಕೋಣೆಯಲ್ಲಿ ಟವೆಲ್ ಹಾಸಿ ಊಟಕ್ಕೆ ಕೂತರು. ಚಾಕು ಇರಲಿಲ್ಲ. ಬೆಣ್ಣೆಯನ್ನು ಚಮಚದ ಹಿಡಿಯಿಂದ ಬಳಿದರು. ಮೊಟ್ಟೆಯನ್ನು ಕೆಟಲಿನ ತಲೆಗೆ ಕುಟ್ಟಿ ಸುಲಿದರು. ಮೇಲಿನಕ್ಕ ಟೊಮ್ಯಾಟೊವನ್ನು ಕೈಯಲ್ಲೇ ಹಿಸುಕಿ ಮುರಿದು ಬ್ರೆಡ್ಡಿನ ನಡುವೆ ತುಂಬಿಸಿ, ಅಲಂಕಾರ ಮಾಡಿ ಹುಡುಗಿಯ ಮುಂದಿಟ್ಟಳು. ಹುಡುಗಿ ಮೇಲಿನ ಹೋಳನ್ನು ಎತ್ತಿ ನೋಡಿದಳು.

“ಏನಿದು?”

“ಟೊಮ್ಯಾಟೊ. ಒಳ್ಳೇದು, ತಿನ್ನು.”

“ಬೇಡ.” ತಟ್ಟೆ ಟವೆಲಿನ ಮೇಲೆ ಜಾರಿ ಮೇಲಿನಕ್ಕನ ಮಂಡಿಗೆ ಬಂದು ತಾಗಿತು. “ಬ್ರೆಡ್ಡೆಲ್ಲ ಒದ್ದೆ ಮುದ್ದೆ ಆಗಿದೆ. ಇದನ್ನ ಯಾರು ತಿಂತಾರೆ? ನೀನೇ ತಿನ್ನು.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕನ್ನಡಕದವನು.

“ಊಟ ಆಯ್ತಾ? ಮರಿ ಏನು ಮಾಡ್ತಿದಾಳೆ?”

“ಹಟ ಮಾಡ್ತಿದಾಳೆ. ತಟ್ಟೆ ತಳ್ಳಿದಳು.”

“ಅಯ್ಯೋ! ನಿನ್ನ ಹತ್ರ ಯಾವತ್ತೂ ಹಾಗೆ ಮಾಡಿಲ್ಲವಲ್ಲ! ಕೊಡು ಫೋನು, ನಾಲ್ಕು ಮಾತು ಬುದ್ಧಿ ಹೇಳ್ತೀನಿ.”

“ಬೇಕಾಗಿಲ್ಲ. ನೀವು ಕನ್ನಡಕ ನೋಡ್ಕೊಳ್ಳಿ. ಇದು ನಮ್ಮಿಬ್ಬರ ಜಗಳ.”

“ಅಪ್ಪಾ, ಇವಳು ಟೊಮ್ಯಾಟೊ ಹಾಕಿದಳು!” ಎಂಬ ದೂರು ಮಂಚದ ಆಚೆಯಿಂದ ಫೋನಿನವರೆಗೂ ಹಾರಿತು.

ಮೇಲಿನಕ್ಕ ಫೋನು ಕೆಳಗಿಟ್ಟಳು. ಹೊಸದಾಗಿ ಎರಡು ಹೋಳಿಗೆ ಬರೀ ಬೆಣ್ಣೆ ಬಳಿದು ಕೊಟ್ಟಳು. ಹುಡುಗಿ ಅದನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿ, ಅಂಚಿನಲ್ಲಿ ಬೆಣ್ಣೆ ಸಾಲದೆಂದು ವಾಪಸ್ಸು ಕೊಟ್ಟು, ಇನ್ನಷ್ಟು ಬಳಿಸಿಕೊಂಡು ತಿನ್ನತೊಡಗಿದಳು. ಮೇಲಿನಕ್ಕ ತನ್ನ ಪಾಲಿಗೆ ಬಂದ ಟೊಮ್ಯಾಟೊ ಬ್ರೆಡ್ಡನ್ನು ಎತ್ತಿಕೊಂಡು ಒಂದು ತುತ್ತು ಕಚ್ಚಿದಳು. ರಸ ಮೊಣಕೈವರೆಗೆ ಇಳಿಯಿತು. ಹುಡುಗಿ ಹೇಳಿದ್ದು ಸರಿಯಾಗಿತ್ತು. ಅದು ತಿನ್ನುವ ಹಾಗಿರಲಿಲ್ಲ.