ಮೂರು ಮೊದಲೋ, ನಲವತ್ತು ಮೊದಲೋ?

ಬೆಳಗಿನ ಆರೂಮುಕ್ಕಾಲು. ನೆದರ್ಲೆಂಡ್ಸಿನ ಟಿಲ್‌ಬರ್ಗ್ ಊರಂಚಿನ ಗೋದಾಮುಗಳ ಸಾಲಿನಲ್ಲಿ ಲಾರಿಗಳ ಸದ್ದು ಇನ್ನೂ ಶುರುವಾಗಿಲ್ಲ. ಶಿವಗಂಗವ್ವ ಸೈಕಲ್ಲಿಗೆ ಬೀಗ ಹಾಕಿ, ಬಿಳಿ ಕೋಟು ತೊಟ್ಟು, ಪ್ರಾಣಿ ಸಂಗ್ರಹಾಲಯದ ದಾಸ್ತಾನು ಕೋಣೆಗೆ ಬಂದವರೇ ಗಾಜಿನ ಪೆಟ್ಟಿಗೆಯ ಹುಳುಗಳನ್ನು ಮಾತಾಡಿಸುತ್ತಾರೆ. "ಉಂಡ್ರೇನು? ಎಲ್ಲಾ ಮುಗಿಸೀರೇನು?" ಸತ್ತ ಇಲಿಯ ತಲೆಬುರುಡೆಯ ಮಾಂಸವನ್ನು ತಿಂದು, ಎಲುಬನ್ನಷ್ಟೇ ಬಿಡುವ ಹುಳುಗಳಿವು. ಆಮೇಲೆ ಬುರುಡೆ ತೊಳೆದು, ಹಲ್ಲೆಣಿಸಿ, ಚೀಟಿ ಬರೆದು ಪೆಟ್ಟಿಗೆಗೆ ಹಾಕುವುದು ಧಾರವಾಡ ಕಡೆಯ ಈ ಹೆಣ್ಣುಮಗಳ ಹನ್ನೆರಡು ವರ್ಷದ ಕೆಲಸ. ದಿನಕ್ಕೆ ಎಂಟು ಬುರುಡೆ, ಬುರುಡೆಗೆ ಹದಿನಾರು ಹಲ್ಲು.

ಹೆಚ್ಚಾಗಿ ಬರುವುದು ಸಂಶೋಧಕರು ಹಿಮಾಲಯದಿಂದ ಹಿಡಿದು ತಂದ ವೋಲ್, ಅಂದರೆ ಗಿಡ್ಡ ಬಾಲದ, ದುಂಡು ಮೂತಿಯ ಇಲಿ. ನೋಡಲು ಎಲ್ಲವೂ ಒಂದೇ ತರಹ. ಜಾತಿ ಬೇರೆ ಮಾಡಲು ದವಡೆಹಲ್ಲಿನ ಮೇಲಿನ ತ್ರಿಕೋನಗಳನ್ನು ನೋಡಬೇಕು, ಇಲಿ ಸಿಕ್ಕ ಎತ್ತರ ತಿಳಿಯಬೇಕು. ಹಿಮಾಲಯದಲ್ಲಿ ಕೆಳಗಿನ ಪೊದೆಗಳಲ್ಲಿ ಒಂದು ಬಗೆ, ಮೇಲೆ ಮರವೇ ಇಲ್ಲದ ಕಲ್ಲುರಾಶಿಗಳಲ್ಲಿ ಇನ್ನೊಂದು ಬಗೆ. "ಮ್ಯಾಲಿಂದು ಭಾಳ ಶಾಣ್ಯಾ ಐತ್ರಿ. ಚಳಿಗಾಲಕ್ಕಂತ ಕಲ್ಲಿನ ಸಂದ್ಯಾಗ ಹುಲ್ಲಿನ ಬಣವಿ ಒಟ್ಟತೈತಿ."

ಇಷ್ಟರಲ್ಲೇ ಸುಖವಾಗಿದ್ದ ಶಿವಗಂಗವ್ವನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಸಮೀಕ್ಷಾ ಬಂದ ಮೇಲೆ. ಮೈಸೂರಿನ ಸಂಶೋಧಕಿ, ಇನ್ನೂ ಮೂವತ್ತಾಗಿಲ್ಲ. ಬಂದ ವಾರದಲ್ಲೇ ಒಂದು ಬುರುಡೆ ಎತ್ತಿ ಹಿಡಿದಳು. ಚೀಟಿಯಲ್ಲಿ ಮೂರು ಸಾವಿರದ ನಾನೂರು ಮೀಟರ್ ಎಂದಿದೆ, ಅಂದರೆ ಪೊದೆಗಳ ಎತ್ತರ; ಹಲ್ಲು ಮಾತ್ರ ಕೆಳಗಿನ ಇಲಿಯದಲ್ಲ, ಮೇಲಿನದು ಅಷ್ಟು ಕೆಳಗಿಳಿಯುವುದೂ ಇಲ್ಲ. ಹೊಸ ಜಾತಿಯೇ ಇರಬೇಕು! ಕೇಕು ಬಂತು, ಪತ್ರಿಕೆಯ ಫೋಟೋದವನೂ ಬಂದ.

"ಆಂಟಿ, ಸ್ವಲ್ಪ ಆ ಕಡೆ ನಿಂತ್ಕೋತೀರಾ? ಫ್ರೇಮಲ್ಲಿ ಬರ್ತಿದೀರ," ಅಂದಳಂತೆ ಸಮೀಕ್ಷಾ.

"ಮೈಯೆಲ್ಲಾ ಉರದ್ಹೋತ್ರಿ," ಎನ್ನುತ್ತಾರೆ ಶಿವಗಂಗವ್ವ, ಮುಚ್ಚುಮರೆಯಿಲ್ಲದೆ. "ಹನ್ನೆರಡು ವರ್ಷ ತೊಳದಾಕಿ ನಾನು. ಒಂದು ವಾರ ನೋಡಿದಾಕಿ ಆಕಿ. ಫೋಟೋ ಆಕೀದು!"

ಆಕೆಯದೊಂದು ತಪ್ಪಾದರೂ ಸಿಗಲೆಂದು ಮರುದಿನ ಬೆಳಗ್ಗೆ ಕಪಾಟಿನಿಂದ ಆ ಇಲಿ ಹಿಡಿದು ತಂದವರ ದಿನಚರಿಯನ್ನೇ ಎಳೆದು ನೋಡುತ್ತಾರೆ. ಸಿಗುವುದು ತಮ್ಮದೇ ತಪ್ಪು. ಕೆಲಸಕ್ಕೆ ಸೇರಿದ ಮೊದಲ ತಿಂಗಳು; ಆಗಿನ ಡಚ್ ಅಧಿಕಾರಿ ದಿನಚರಿ ಓದಿ ಹೇಳುತ್ತಿದ್ದರು, ಇವರು ಚೀಟಿ ಬರೆಯುತ್ತಿದ್ದರು. 'ದ್ರೀಎನ್‌ವೇರ್ತಿಖ್' ನೂರು ಎಂದರು. ಡಚ್ಚರು ನಲವತ್ಮೂರನ್ನು ಹೇಳುವಾಗ ಮೂರನ್ನು ಮೊದಲು ಹೇಳಿ ಆಮೇಲೆ ನಲವತ್ತು ಎನ್ನುತ್ತಾರೆ. ಕೇಳಿದ ಕ್ರಮದಲ್ಲೇ ಮೊದಲು ಮೂರು, ಆಮೇಲೆ ನಾಲ್ಕು ಬರೆದರು ಶಿವಗಂಗವ್ವ; ನಲವತ್ಮೂರು ನೂರು ಹೋಗಿ ಮೂವತ್ನಾಲ್ಕು ನೂರಾಯಿತು. ನಾಲ್ಕು ಸಾವಿರದ ಮುನ್ನೂರು ಮೀಟರಿನ ಕಲ್ಲಿಲಿ ಕೆಳಗಿನವುಗಳ ಡ್ರಾಯರ್ ಸೇರಿತು. ಹೊಸ ಜಾತಿಯೂ ಇಲ್ಲ, ಮಣ್ಣೂ ಇಲ್ಲ!

ಹೇಳಿದರೆ ಸಮೀಕ್ಷಾಳ ಮೆರವಣಿಗೆ ನಿಲ್ಲುತ್ತದೆ. ಆದರೆ ಒಂದೂ ತಪ್ಪಿಲ್ಲದಾಕೆ ಎಂಬ ತಮ್ಮ ಹೆಸರೂ ಹೋಗುತ್ತದೆ. "ಆಕೀನ್ನ ಕೆಡವಬೇಕಂದ್ರ ಮೊದಲು ನಾನು ಬೀಳಬೇಕಲ್ರಿ." ಮೂರು ದಿನ ಊಟ ಸೇರುವುದಿಲ್ಲ. ಶುಕ್ರವಾರ ಸಮೀಕ್ಷಾಳ ಲೇಖನ ವಿಜ್ಞಾನ ಪತ್ರಿಕೆಗೆ ಹೊರಡಲಿದೆ.

"ಇಲಿ ಸಲುವಾಗಿ ಹೇಳಾಕಿಯೋ, ಆ ಹುಡುಗಿ ಮ್ಯಾಲಿನ ಸಿಟ್ಟಿಗೆ ಹೇಳಾಕಿಯೋ?" ಎಂದು ಕೇಳುತ್ತಾರೆ ಗಂಡ ಸಿದ್ಧಾರೂಢ.

"ಎರಡಕ್ಕೂ," ಎಂದು ಇವರು ಸೈಕಲ್ ಹತ್ತುತ್ತಾರೆ.

ಗುರುವಾರ ದಿನಚರಿಯನ್ನು ಸಮೀಕ್ಷಾಳ ಮುಂದೆ ಬಿಚ್ಚಿಟ್ಟು, "ತಪ್ಪು ನಂದು," ಎನ್ನುತ್ತಾರೆ. ಹುಡುಗಿ ಚೀಟಿಯನ್ನೂ ದಿನಚರಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾಳೆ. ಆಮೇಲೆ ಇವರ ಕೈ ಹಿಡಿದುಕೊಳ್ಳುತ್ತಾಳೆ. "ಆಂಟಿ, ನಾಳೆ ಕಳಿಸ್ಬಿಡ್ತಿದ್ದೆ. ಎಲ್ಲರ ಮುಂದೆ ನಗೆಪಾಟಲಾಗ್ತಿದ್ದೆ. ಥ್ಯಾಂಕ್ಸ್."

"ಅಳತಾಳ, ನೋಡೂನು ಅಂತ ಹೋಗಿದ್ದೆ," ಎಂದು ಶಿವಗಂಗವ್ವ ಈಗಲೂ ಹಲ್ಲು ಕಚ್ಚುತ್ತಾರೆ. "ಥ್ಯಾಂಕ್ಸ್ ಅಂದ್ಲು. ಅದರಾಗೂ ಆಕೀನ ದೊಡ್ಡಾಕಿ ಆದ್ಲು ನೋಡ್ರಿ!"

ಇಲ್ಲಿ ಹಳೆಯ ಚೀಟಿಯನ್ನು ಎಸೆಯುವ ಪದ್ಧತಿಯಿಲ್ಲ. ತಿದ್ದಿದ ಚೀಟಿಯನ್ನು ಅದರ ಜೊತೆಗೇ ಇಡಬೇಕು, ಎರಡರಲ್ಲೂ ಬರೆದವರ ಸಹಿ ಇರಬೇಕು. ಶಿವಗಂಗವ್ವ ನಾಲ್ಕನ್ನು ಮೊದಲು ಬರೆದು, ಮೂರನ್ನು ಆಮೇಲೆ ಬರೆದು, ಕೆಳಗೆ ಪೂರ್ತಿ ಹೆಸರು ಬರೆಯುತ್ತಾರೆ. ಡ್ರಾಯರ್ ಮುಚ್ಚುವ ಮುನ್ನ ಇನ್ನೊಮ್ಮೆ ಇಣುಕುತ್ತಾರೆ.

"ಆ ಪೆಟ್ಟಿಗ್ಯಾಗ ನನ್ನ ಹೆಸರು ಎರಡು ಸಲ ಐತ್ರಿ. ಆಕೀದು ಒಮ್ಮೆನೂ ಇಲ್ಲ."